ಬನ್ನಿಗಿಡದ ಬುಡಕ್ಕೆ ಕೂತವನು

ಸತ್ತ ಅಣ್ಣ ತನ್ನ ಕಾಲು ಹಿಡಿಯುತ್ತಾನೆಂದು ಅಮಸಿದ್ದ ಯಾರಿಗೂ ಹೇಳಿರಲಿಲ್ಲ. ಊರಲ್ಲಿ ಅವನ ಬಾಯಿಗೆ ಹೆದರದವರಿಲ್ಲ. ಅಂಥ ಮುದುಕ ದೆವ್ವಕ್ಕೆ ಹೆದರಿದ ಅಂದರೆ ಕಟ್ಟೆಯ ಮೇಲೆ ಕೂತು ಕಾಲ ಕಳೆಯುವ ಮಂದಿಗೆ ಹಬ್ಬವೋ ಹಬ್ಬ. ಹಾಗಂತ ಮೊದಮೊದಲು ಅವನಿಗೆ ಹೆದರಿಕೆಯೇನೂ ಆಗಿರಲಿಲ್ಲ. ಸತ್ತರೂ ಅಣ್ಣ ಅಣ್ಣನೇ ಅಲ್ಲವೇ?

ಕುರಿ ಬಿಟ್ಟುಕೊಂಡು ಮನೆಯಿಂದ ಲಚ್ಯಾಣದ ದಾರಿ ಹಿಡಿದರೆ ಮೊದಲು ಹಿಟ್ಟಿನ ಗಿರಣಿ, ಆಮೇಲೆ ನೀರಿನ ಟಾಕಿ, ನಿಂಬೆತೋಟದ ಬೇಲಿ, ಅದನ್ನು ದಾಟಿದರೆ ಬನ್ನಿಗಿಡ. ಗಿಡದ ಹತ್ತಿರ ಬಂದನೋ ಇಲ್ಲವೋ, ಎಡಗಾಲಿನ ಮೀನಖಂಡವನ್ನು ಯಾರೋ ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದು ಹಿಂಡಿದಂತಾಗುತ್ತಿತ್ತು. ಕೂತರೆ ಬಿಡುತ್ತಿತ್ತು. ದಿನವೂ ಅದೇ ಜಾಗ, ಅದೇ ಹಿಡಿತ.

ಆ ಗಿಡದ ಬುಡದಲ್ಲೇ ಹಿಂದೊಂದು ಬೇಸಿಗೆಯಲ್ಲಿ ಅಣ್ಣ ಮಾಳಪ್ಪ ಸತ್ತದ್ದು. ಹೆಗಲ ಮೇಲೆ ಕಂಬಳಿ, ಬೆನ್ನು ಗಿಡಕ್ಕೆ. ನಿದ್ದೆ ಹೋಗಿದ್ದಾನೆಂದುಕೊಂಡು ಮಂದಿ ಪಕ್ಕದಲ್ಲೇ ಹಾದುಹೋಗಿದ್ದರು. ಸಂಜೆ ಕುರಿಗಳು ತಾವಾಗಿಯೇ ಹಟ್ಟಿಗೆ ಬಂದು ನಿಂತಾಗ ತಿಳಿಯಿತು. ಬದುಕಿದ್ದಾಗ ಮಾಳಪ್ಪ ದಿನಾ ಅಲ್ಲೇ ಕೂತು ತಮ್ಮನನ್ನು ಕೂಗುತ್ತಿದ್ದ.

“ಏ ಸಿದ್ಯಾ, ಕುಂದ್ರ ಬಾ. ಒಂಚೂರ ತಂಬಾಕ ತಿಕ್ಕಿ ಹೋಗೂಣು. ಅವಸರ ಏನೈತಿ?”

ಅಮಸಿದ್ದ ಒಂದು ದಿನವೂ ಕೂತವನಲ್ಲ. “ಅಲ್ಲೇ ಬೇರ ಬಿಡ್ತಿ ನೋಡಣ್ಣಾ,” ಎಂದು ನಕ್ಕು ಮುಂದೆ ಹೋಗುತ್ತಿದ್ದ. ಈಗ ಅಣ್ಣ ಕೇಳುತ್ತಿರಲಿಲ್ಲ, ಹಿಡಿದೇ ಕೂರಿಸುತ್ತಿದ್ದ.

ಸತ್ತ ಹಿರಿಯರು ಕಾಡಿದರೆ ಆ ಕಡೆಯ ಮನೆಗಳಲ್ಲಿ ಎಡೆ ಇಡುತ್ತಾರೆ, ಸತ್ತವರಿಗೆ ಯಾವುದು ಇಷ್ಟವೋ ಅದನ್ನು. ಮಾಳಪ್ಪನಿಗೆ ಬೆಲ್ಲ ಹಾಕಿದ ಮಾದಲಿ ಅಂದರೆ ಪ್ರಾಣ. ಇಟ್ಟ ಎಡೆ ಮನೆಗೆ ಮರಳಬಾರದು, ಇಟ್ಟವನೇ ಅಲ್ಲಿ ಕೂತು ತಿಂದು ಮುಗಿಸಬೇಕು. ಅಮಸಿದ್ದನಿಗೋ ಸಕ್ಕರೆ ಬೇನೆ. ಕಾಲು ಜೋಕೆ ಎಂದು ಹೇಳಿ ಇಂಡಿ ಪಟ್ಟಣದ ಡಾಕ್ಟರು ಕೊಟ್ಟ ಗುಳಿಗೆಗಳು ಗೋಡೆಯ ಗೂಡಿನಲ್ಲಿ ಧೂಳು ತಿನ್ನುತ್ತಿದ್ದವು. ಅಣ್ಣನ ಎಡೆಯ ಮುಂದೆ ಪಥ್ಯ ಎಲ್ಲಿಯದು? ಅಮಾವಾಸ್ಯೆಗೊಮ್ಮೆ ಹೆಂಡತಿ ಸಾತವ್ವನಿಂದ ಮಾದಲಿ ಮಾಡಿಸಿ, ಬಟ್ಟಲು ತುಂಬ ಒಯ್ದು, ತುಪ್ಪ ಸುರಿದು, ಬನ್ನಿಗಿಡದ ಬುಡದಲ್ಲಿ ಕೂತು ತಿಂದು ಬರುತ್ತಿದ್ದ.

ಅಣ್ಣ ತಣಿಯಲಿಲ್ಲ. ಒಂದು ಮುಂಜಾನೆ ಗಿಡ ಇನ್ನೂ ದೂರ ಇರುವಾಗಲೇ, ನಿಂಬೆತೋಟದ ಬೇಲಿಯ ಹತ್ತಿರ ಹಿಡಿದ. ಅಮಸಿದ್ದ ಬೇಲಿಯ ಬುಡದಲ್ಲೇ ಕೂತ. ಎಡೆಯನ್ನು ವಾರಕ್ಕೊಮ್ಮೆ ಮಾಡಿದ, ಬೆಲ್ಲ ಹೆಚ್ಚಿಸಿದ. ಮಳೆಗಾಲ ಹಿಡಿಯುವ ಹೊತ್ತಿಗೆ ಅಣ್ಣ ನೀರಿನ ಟಾಕಿಗೆ ಬಂದಿದ್ದ. ಜೋಳ ಬಿತ್ತುವ ಹೊತ್ತಿಗೆ ಹಿಟ್ಟಿನ ಗಿರಣಿಗೆ. ಹಾಡುಹಗಲಲ್ಲಿ, ಜನ ಹಿಟ್ಟು ಬೀಸಿಸಿಕೊಂಡು ಹೋಗುತ್ತಿರುವಾಗ, ಅಮಸಿದ್ದ ಗಿರಣಿಯ ಗೋಡೆಗೆ ಒರಗಿ ಬೆವರುತ್ತಿದ್ದ. ಗಿಡ ಬಿಟ್ಟ ಅಣ್ಣ ಮನೆಯ ದಾರಿ ಹಿಡಿದಿದ್ದಾನೆ. ಬಂದು ಏನು ಮಾಡುತ್ತಾನೆ? ಕರೆದುಕೊಂಡೇ ಹೋಗುತ್ತಾನಲ್ಲ? ಈಗ ಅವನಿಗೆ ನಿಜವಾಗಿ ಹೆದರಿಕೆ ಹತ್ತಿತು.

ಒಂದು ಸಂಜೆ ಪಡಸಾಲೆಯಲ್ಲಿ ಕೂತಿದ್ದ. ನಡೆದಿರಲಿಲ್ಲ, ಎದ್ದಿರಲೂ ಇಲ್ಲ. ಆದರೂ ಕಾಲು ಹಿಂಡತೊಡಗಿತು, ಬಿಡಲಿಲ್ಲ. ಮುಟ್ಟಿ ನೋಡಿಕೊಂಡರೆ ಪಾದ ಕೊಡದ ನೀರಿನಷ್ಟು ತಣ್ಣಗಿತ್ತು. ಕಿರುಬೆರಳಿನ ತುದಿ ಕಪ್ಪಗಾಗಿತ್ತು.

“ಬಂದ್ಯಾ ಅಣ್ಣಾ?” ಎಂದ ಅಮಸಿದ್ದ, ಬಾಗಿಲ ಕಡೆ ನೋಡಿ. “ಹೊಸ್ತಿಲಾ ದಾಟಿ ಬಂದೇ ಬಿಟ್ಟ್ಯಾ?”

ರೊಟ್ಟಿ ಬಡಿಯುತ್ತಿದ್ದ ಸಾತವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಯಾರ ಜೋಡಿ ಮಾತಾಡಾಕತ್ತೀರಿ?”

ಅವನು ಎಲ್ಲ ಹೇಳಿಬಿಟ್ಟ. ಗಿಡ, ಬೇಲಿ, ಟಾಕಿ, ಗಿರಣಿ. ಹೇಳುತ್ತ ಅತ್ತುಬಿಟ್ಟ. ಸಾತವ್ವ ಅಳಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸಿ ಕಪ್ಪು ಬೆರಳನ್ನು ಮುಟ್ಟಿ ನೋಡಿದಳು.

“ನಾ ಹೊಲಕ್ಕ ಬುತ್ತಿ ಒಯ್ಯೂವಾಗ ನೋಡ್ತಿದ್ದೆ,” ಎಂದಳು ಕಡೆಗೆ. “ಭಾವ ಅದೇ ಗಿಡದ ಬುಡಕ್ಕ ಕುಂತು ಮೀನಖಂಡಾ ತಿಕ್ಕೊಂತಿದ್ರು. ನನ್ನ ಕಂಡ ಕೂಡ್ಲೆ ತಂಬಾಕ ತಿಕ್ಕಾವ್ರಂಗ ಮಾಡ್ತಿದ್ರು. ನಿಮ್ಮನ್ನ ಭಾವ ಹಿಡೀತಾರ ಅಂತೀರಿ. ಭಾವನ್ನ ಯಾರ ಹಿಡದಿದ್ರು?”

ಅಮಸಿದ್ದ ಬಾಗಿಲ ಕಡೆಯಿಂದ ಕಣ್ಣು ಕಿತ್ತು ತನ್ನ ಮೀನಖಂಡ ನೋಡಿಕೊಂಡ.

“ಇದು ಬ್ಯಾನಿ ಐತಿ. ಅವರ್ನೂ ಇದೇ ತಿಂತು. ಏಳ್ರಿ.”

ಮಗ ಮುತ್ತು ಗಾಡಿ ಮಾಡಿ ಅವತ್ತೇ ವಿಜಯಪುರದ ದವಾಖಾನೆಗೆ ಒಯ್ದ. ಡಾಕ್ಟರು ಪಾದ ಒತ್ತಿ, ತೊಡೆ ಒತ್ತಿ, ನಾಡಿ ಹುಡುಕಿದರು, ಪಾದದಲ್ಲಿ ಸಿಗಲಿಲ್ಲ. ಸಕ್ಕರೆ ಬೇನೆ ವರ್ಷಾನುಗಟ್ಟಲೆ ರಕ್ತನಾಳದ ಒಳಗೆ ಕೊಬ್ಬು ಕಟ್ಟಿಸಿದೆ, ಬಾವಿಯ ಪೈಪಿನಲ್ಲಿ ಉಪ್ಪು ಕಟ್ಟಿದ ಹಾಗೆ, ಎಂದರು. ರಕ್ತ ಸಾಲದೆ ಕಾಲು ಮೊದಲು ದೂರ ನಡೆದಾಗ ಹಿಡಿಯುತ್ತದೆ, ಆಮೇಲೆ ಹತ್ತಿರದಲ್ಲೇ, ಕಡೆಗೆ ಕೂತಲ್ಲೇ. ಕಾಲಿನಲ್ಲಿ ಕಟ್ಟಿದ್ದು ಎದೆಯಲ್ಲೂ ಕಟ್ಟಿರುತ್ತದೆ, ಅದನ್ನೂ ನೋಡಬೇಕು. “ಇನ್ನ ಸ್ವಲ್ಪ ತಡಾ ಆಗಿದ್ರ ಕಾಲು ತಗೀಬೇಕಾಗಿತ್ತು, ಯಜಮಾನ್ರ. ಮನ್ಯಾಗ ಯಾರಿಗರ ಇತ್ತೇನು?”

“ಅಣ್ಣಗ ಇತ್ತರಿ,” ಎಂದ ಅಮಸಿದ್ದ. ಅಣ್ಣನ ಬೇನೆಯನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಕಟ್ಟಿದ ನಾಳ ತೆರೆದರು. ಕಿರುಬೆರಳು ಹೋಯಿತು, ಕಾಲು ಉಳಿಯಿತು. ಎದೆಗೂ ಗುಳಿಗೆ ಕೊಟ್ಟರು. ತಂಬಾಕು ಬಿಡು, ಸಿಹಿ ಬಿಡು, ಗಾಯ ಮಾಗಿದ ಮೇಲೆ ದಿನಾ ನಡಿ ಎಂದು ಕಳಿಸಿದರು.

ಸುಗ್ಗಿಯ ಹೊತ್ತಿಗೆ ಅವನು ಮತ್ತೆ ಆ ದಾರಿಯಲ್ಲಿ ನಡೆದ. ಗಿರಣಿ ಬಂತು, ಟಾಕಿ ಬಂತು, ಬೇಲಿ ಬಂತು. ಬನ್ನಿಗಿಡದ ಮುಂದೆ ನಿಂತ. ಕಾಯ್ದ. ಕಾಲು ಸುಮ್ಮನಿತ್ತು, ಯಾರೂ ಹಿಡಿಯಲಿಲ್ಲ.

“ಅಣ್ಣಾ,” ಎಂದ ಮೆಲ್ಲಗೆ. ಎಲೆ ಕೂಡ ಅಲುಗಲಿಲ್ಲ. ಇಷ್ಟು ದಿನ ಹೆದರಿಸಿದ್ದು ಇಲ್ಲವಾಯಿತೆಂದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕುಂದ್ರ ಬಾ ಎಂದು ಕರೆಯುತ್ತಿದ್ದವನು ಮುಂದೆ ನಡೆಯಲಾರದೆ ಕರೆಯುತ್ತಿದ್ದ.

ಬಗಲಚೀಲದಿಂದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತೆಗೆದು ಎಡೆ ಇಟ್ಟ. ಕಂಬಳಿ ಹಾಸಿ, ಗಿಡಕ್ಕೆ ಬೆನ್ನು ಕೊಟ್ಟು ಕೂತ. ಮೋಟಾರು ಗಾಡಿಯ ಮೇಲೆ ಹೊರಟಿದ್ದ ಊರಿನ ಕಾಸಿಂಸಾಬ ಬ್ರೇಕು ಹಾಕಿದ.

“ಯಾಕ ಸಿದ್ದಣ್ಣಾ, ಮತ್ತ ಕಾಲ ಹಿಡದಾವೇನು?”

“ಹೌದಪಾ, ಹಿಡದಾವು,” ಎಂದ ಅಮಸಿದ್ದ. “ನೀ ನಡಿ. ನನಗೇನ ಅವಸರಿಲ್ಲ.”

ಗಾಡಿ ಕಣ್ಮರೆಯಾದ ಮೇಲೆ ಅವನು ಒಂದಿಷ್ಟು ಸರಿದು, ಕಂಬಳಿಯ ಮೇಲೆ ಇನ್ನೊಬ್ಬರಿಗೆ ಜಾಗ ಮಾಡಿದ.