ಮೂರನೆಯ ಸುತ್ತಿನ ಮೇಷ್ಟ್ರು

ಓಟದ ಸ್ಪರ್ಧೆಯ ದಿನ ಜನರೆಲ್ಲ ಅಂತಿಮ ಗೆರೆಯ ಬಳಿ ಕಿಕ್ಕಿರಿದು ನಿಂತಿದ್ದರೆ, ನಮ್ಮ ಕಾಲೇಜಿನ ಓಟದ ಮೇಷ್ಟ್ರು ಮಾತ್ರ ಮೈದಾನದ ಆಚೆ ತುದಿಯ ತಿರುವಿನಲ್ಲಿ, ಯಾರೂ ಸುಳಿಯದ ಬೇಲಿಯ ಪಕ್ಕದಲ್ಲಿ ಒಬ್ಬರೇ ನಿಂತಿರುತ್ತಿದ್ದರು. ಸಾವಿರದ ಐನೂರು ಮೀಟರಿನ ಓಟವೆಂದರೆ ಹೆಚ್ಚುಕಡಿಮೆ ನಾಲ್ಕು ಸುತ್ತು. ಮೊದಲನೆಯದನ್ನು ಹುಮ್ಮಸ್ಸು ಓಡಿಸುತ್ತದೆ, ಎರಡನೆಯದನ್ನು ಅಭ್ಯಾಸ, ಕೊನೆಯದನ್ನು ಚಪ್ಪಾಳೆ. ಮೂರನೆಯದಕ್ಕೆ ದಿಕ್ಕುದೆಸೆಯಿಲ್ಲ ಎಂಬುದು ಅವರ ಸಿದ್ಧಾಂತ. "ಗೆದ್ದವರ ಪಕ್ಕ ನಿಲ್ಲೋಕೆ ಊರೇ ಇದೆ ಮಹಾರಾಯ. ಉಸಿರು ಸಿಗದೆ ಒದ್ದಾಡ್ತಿರುವಾಗ ಒಂದು ಪರಿಚಯದ ಮುಖ ಬೇಡ್ವಾ?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ಹೀಗಾಗಿ ಮೂವತ್ತು ವರ್ಷಗಳಲ್ಲಿ ತಮ್ಮ ಶಿಷ್ಯರು ಗೆಲ್ಲುವುದನ್ನು ಅವರು ಕಂಡದ್ದು ಬಹುಪಾಲು ಬೆನ್ನ ಕಡೆಯಿಂದ.

ನಾನು ಅದೇ ಕಾಲೇಜಿನಲ್ಲಿ ವ್ಯಾಕರಣ ಕಲಿಸುತ್ತಿದ್ದವನು. ನನ್ನ ತರಗತಿಯ ಕಿಟಕಿ ಮೈದಾನಕ್ಕೆ ತೆರೆದುಕೊಂಡಿದ್ದರಿಂದ ವಿದ್ಯಾರ್ಥಿಗಳಂತೆ ನಾನೂ ಸಂಧಿಸಮಾಸಗಳಿಗಿಂತ ಹೆಚ್ಚಾಗಿ ಅವರನ್ನೇ ನೋಡಿದ್ದೇನೆ. ಗಿಡ್ಡ ದೇಹ, ಮಂಡಿಯನ್ನು ಕಷ್ಟಪಟ್ಟು ಎತ್ತುವಂತಹ ಸಾವಕಾಶದ ನಡಿಗೆ; ಓಟ ಕಲಿಸುವವರು ಇಷ್ಟು ನಿಧಾನವಾಗಿ ನಡೆಯುವುದುಂಟೇ ಎಂದು ಹೊಸಬರು ನಗುತ್ತಿದ್ದರು. ಬಿಸಿಲಿರಲಿ ಚಳಿಯಿರಲಿ, ಮೊಣಕೈಗೆ ತೇಪೆ ಹಾಕಿದ ಅದೇ ಕಂದು ಕೋಟು. ಅದರ ಬಲಜೇಬಿನಲ್ಲಿ ಸ್ಟಾಪ್‌ವಾಚು, ಎಡಜೇಬಿನಲ್ಲಿ ಬೂಟಿನ ಲಾಡಿಗಳ ಗೋಜಲು. ಎದುರಿಗಿದ್ದವರ ಲಾಡಿ ಸಡಿಲವಾಗಿದ್ದರೆ, ಅವರು ಪ್ರಾಂಶುಪಾಲರೇ ಆಗಿದ್ದರೂ, ಮಾತನ್ನು ಅರ್ಧಕ್ಕೆ ತುಂಡರಿಸಿ "ಮೊದಲು ಲಾಡಿ" ಎನ್ನುವರು. ಅವರ ಮನೆಯಾಕೆಯ ದೂರು ಬೇರೆ: "ಹಾಲು ಉಕ್ಕೋಕೆ ಎಷ್ಟು ನಿಮಿಷ ಅಂತ ಸೆಕೆಂಡಿನ ಸಮೇತ ಹೇಳ್ತಾರೆ. ಉಕ್ಕೋ ಮುಂಚೆ ಒಲೆ ಆರಿಸಬೇಕು ಅನ್ನೋದೊಂದು ಗೊತ್ತಿಲ್ಲ ನೋಡಿ."

ಅವರ ಕಿವಿಯಂತೂ ಸೋಜಿಗದ್ದು. ಕಣ್ಣು ಮುಚ್ಚಿ ನಿಂತು, ಹಾದುಹೋದ ಹೆಜ್ಜೆಯ ಸಪ್ಪಳದಿಂದಲೇ ಇಂಥವರು ಎಂದು ಗುರುತಿಸುತ್ತಿದ್ದರು. ಆ ಕಿವಿಯೇ ಒಂದು ವರ್ಷ ಅವರಿಗೆ ಮುಳುವಾಯಿತು.

ಆ ವರ್ಷ ಕಾಲೇಜಿನ ಆಸೆಯೆಲ್ಲ ಒಬ್ಬ ಹುಡುಗಿಯ ಮೇಲೆ ನಿಂತಿತ್ತು. ಬಸ್ ಚಾಲಕನ ಮಗಳು. ಮುಂಹಲ್ಲುಗಳ ಸಂದಿಯಿಂದ ಓಡುವಾಗ ಸಣ್ಣಗೆ ಸಿಳ್ಳೆ ಹೊರಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು 'ಸೀಟಿ'. ಹನ್ನೊಂದು ವರ್ಷಗಳಿಂದ ಕೈತಪ್ಪಿದ್ದ ಅಂತರಕಾಲೇಜು ಕಪ್ಪು ಈ ಸಲ ನಮ್ಮದೇ ಎಂದು ಅಟೆಂಡರನಿಂದ ಪ್ರಾಂಶುಪಾಲರವರೆಗೆ ಎಲ್ಲರೂ ನಂಬಿಕೊಂಡಿದ್ದರು. ಸ್ಪರ್ಧೆಗೆ ಎರಡು ದಿನವಿರುವಾಗ, ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟಿದ್ದ ಮೇಷ್ಟ್ರು ಅವಳ ಓಟವನ್ನು ನಡುವೆಯೇ ನಿಲ್ಲಿಸಿದರು. "ಎಡಗಾಲು ಸುಳ್ಳು ಹೇಳ್ತಿದೆಯಲ್ಲಮ್ಮ" ಎಂದು ಮೊಣಕಾಲಿನ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದರು. ತುಟಿ ಕಚ್ಚಿಕೊಂಡೇ ಅವಳು "ಏನಿಲ್ಲ ಸರ್" ಎಂದಳು. ಮೇಷ್ಟ್ರು ನೇರವಾಗಿ ಪ್ರಾಂಶುಪಾಲರ ಕೋಣೆಗೆ ಹೋಗಿ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ತಂಡದ ಜೊತೆ ಹೋಗಬೇಕಾಗಿದ್ದ ನಾನು ಅಲ್ಲೇ ಇದ್ದೆ.

"ಒಂದೇ ಒಂದು ಓಟ ರೀ. ಆಮೇಲೆ ಬೇಕಾದ್ರೆ ವರ್ಷವಿಡೀ ವಿಶ್ರಾಂತಿ ಕೊಡಿ" ಎಂದರು ಪ್ರಾಂಶುಪಾಲರು.

"ಸರ್, ಆ ಒಂದು ಓಟ ಮುಗಿದ ಮೇಲೆ ಅವಳು ಇನ್ನೂ ಐವತ್ತು ವರ್ಷ ನಡೀಬೇಕು."

ಕ್ರೀಡಾ ವಿಭಾಗದ ಮುಖ್ಯಸ್ಥ ಸ್ಥಾನ ನಿಮಗೆ ಭಾರವಾಗಿರುವಂತಿದೆ ಎಂದು ಪ್ರಾಂಶುಪಾಲರು ತಣ್ಣಗೆ ಹೇಳಿದರು. ಹೊರಗೆ ಬಂದರೆ ಪಡಸಾಲೆಯಲ್ಲಿ ಸೀಟಿ ಕೆಂಡವಾಗಿ ನಿಂತಿದ್ದಳು: "ಕಾಲು ನಂದು, ನೋವು ನಂದು. ಬೇಡ ಅನ್ನೋಕೆ ನೀವ್ಯಾರು?"

ಮೇಷ್ಟ್ರು "ಬಾ" ಎಂದಷ್ಟೇ ಹೇಳಿ, ಕಾಲೇಜಿನ ಗೇಟಿನೆದುರೇ ಇದ್ದ ದರ್ಜಿಯ ಅಂಗಡಿಗೆ ನಮ್ಮಿಬ್ಬರನ್ನೂ ಕರೆದೊಯ್ದರು. ನಮ್ಮ ತಂಡದ ಅಂಗಿಗಳನ್ನು ಹೊಲಿಯುತ್ತಿದ್ದವನೇ ಆತ. ಬಲಗಾಲನ್ನು ಗಿಡ್ಡ ಮಣೆಯ ಮೇಲೆ ಮರದ ಕೊರಡಿನಂತೆ ಚಾಚಿ, ಎಡಗಾಲೊಂದರಿಂದಲೇ ಹೊಲಿಗೆಯಂತ್ರ ತುಳಿಯುತ್ತಿದ್ದ ಅವನನ್ನು ನಾನು ವರ್ಷಗಟ್ಟಲೆ ನೋಡಿದ್ದರೂ ಕಾರಣ ಕೇಳಿರಲಿಲ್ಲ.

"ಇವನು ನಿನಗಿಂತ ಚೆನ್ನಾಗಿ ಓಡ್ತಿದ್ದ," ಎಂದರು ಮೇಷ್ಟ್ರು. "ಮಂಡಿ ಊದಿತ್ತು. ನಾನೇ ಬಟ್ಟೆ ಸುತ್ತಿ ಓಡಿಸ್ದೆ. ಕಪ್ಪು ಬಂತು."

ಯಂತ್ರದ ಸದ್ದು ನಿಂತಿತು. "ಹಾಗನ್ಬೇಡಿ ಮೇಷ್ಟ್ರೇ," ಎಂದ ದರ್ಜಿ. "ಓಡ್ತೀನಿ ಅಂತ ಹಟ ಹಿಡಿದೋನು ನಾನೇ."

"ಆಗ ನಿನಗೆ ಹತ್ತೊಂಬತ್ತು ಕಣೋ. ನನಗೆ ಮೂವತ್ತು."

ಅಂಗಿಯೊಂದರ ತೋಳನ್ನು ಮಡಿಸುತ್ತ ಕುಳಿತ ದರ್ಜಿಯನ್ನೂ ಚಾಚಿದ ಆ ಕಾಲನ್ನೂ ಹುಡುಗಿ ದಿಟ್ಟಿಸಿ ನೋಡಿ, ತಲೆ ತಗ್ಗಿಸಿ ಹೊರಟುಹೋದಳು.

ಮರುದಿನದ ಎಕ್ಸ್‌ರೇಯಲ್ಲಿ ಎಲುಬಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು. ಕಪ್ಪು ಬೇರೆ ಕಾಲೇಜಿನ ಪಾಲಾಯಿತು. ಮೇಷ್ಟ್ರ ಮುಖ್ಯಸ್ಥ ಸ್ಥಾನ ಅವರ ಶಿಷ್ಯನಷ್ಟು ವಯಸ್ಸಿನ ಇನ್ನೊಬ್ಬರಿಗೆ ಹೋಯಿತು. ನಾಲ್ಕು ತಿಂಗಳು ಮುಖ ತಿರುಗಿಸಿಕೊಂಡೇ ಇದ್ದ ಸೀಟಿ ಒಂದು ಬೆಳಿಗ್ಗೆ ಮೈದಾನಕ್ಕೆ ಬಂದು, "ಎಷ್ಟು ಸುತ್ತು ಸರ್?" ಎಂದು ಕೇಳಿದಳು. "ಇವತ್ತು ಅರ್ಧ" ಎಂದರು ಅವರು. ಮುಂದಿನ ವರ್ಷ ಅವಳು ಮೂರನೆಯ ಸ್ಥಾನ ಪಡೆದಳು. ಈಗ ನಲವತ್ತು ದಾಟಿದ್ದಾಳೆ, ಇಂದಿಗೂ ಓಡುತ್ತಾಳೆ.

ಶಿಷ್ಯರನ್ನು ಹುರಿದುಂಬಿಸುವ ಗುರುಗಳಿಗೆ ಲೋಕದಲ್ಲಿ ಬರವಿಲ್ಲ. ಆದರೆ ಶಿಷ್ಯರ ಉತ್ಸಾಹಕ್ಕೇ ಅಡ್ಡ ನಿಂತು, ತನ್ನ ಹಳೆಯ ತಪ್ಪನ್ನು ಬಚ್ಚಿಡದೆ ಅವರ ಕಣ್ಣೆದುರು ಬಿಚ್ಚಿಟ್ಟು, ಅವರ ಮುನಿಸನ್ನೂ ಪ್ರಸಾದದಂತೆ ಸ್ವೀಕರಿಸುವುದಕ್ಕೆ ಬೇರೆಯೇ ಬಗೆಯ ಅಂತಃಕರಣ ಬೇಕು. ಅಂಥವರು ನಮಗೆ ಕೊಟ್ಟದ್ದೇನೆಂಬುದು ನಡುವಯಸ್ಸಿನ ಯಾವುದೋ ಸಾಧಾರಣ ಬೆಳಗಿನಲ್ಲಿ, ನೋವಿಲ್ಲದೆ ಮೆಟ್ಟಿಲು ಹತ್ತುತ್ತಿರುವಾಗ ಥಟ್ಟನೆ ಹೊಳೆಯುತ್ತದೆ. ಹೇಳಿಬರೋಣವೆಂದು ಹೋದರೆ ಅವರು ಇರುವುದಿಲ್ಲ. ಇದ್ದರೂ ಮಾತು ಬದಲಿಸುತ್ತಾರೆ.