ಧ್ವನಿಮತ

“ನಿಮ್ಮಜ್ಜ ಅವತ್ತು ‘ಬೇಡ’ ಅಂದ್ರಾ ಇಲ್ವಾ, ಅಷ್ಟು ಹುಡುಕಿಕೊಡು,” ಎನ್ನುತ್ತ ಅಜ್ಜಿ ಕಂಪ್ಯೂಟರಿನ ಮುಂದೆ ನನ್ನ ಪಕ್ಕ ಕೂತಳು. ಸಂಸತ್ತಿನ ಹಳೆಯ ಕಲಾಪಗಳೆಲ್ಲ ಜಾಲತಾಣಕ್ಕೆ ಬಂದಿವೆಯೆಂದು ಊಟದ ಹೊತ್ತಿನಲ್ಲಿ ಬಾಯಿಬಿಟ್ಟವನು ನಾನೇ.

ಅಜ್ಜ ಒಂದೇ ಅವಧಿಗೆ ಸಂಸದನಾಗಿದ್ದವನು. ಬಂದರು ಕಾರ್ಮಿಕರ ಮುಷ್ಕರವನ್ನು ನಿಷೇಧಿಸುವ ಕಾನೂನು ಬಂದದ್ದು ಆಗಲೇ. ಅದರಡಿ ಮೊದಲು ಜೈಲಿಗೆ ಹೋದವರಲ್ಲಿ ಅಜ್ಜಿಯ ತಮ್ಮನೂ ಒಬ್ಬ. ಹೊರಬಂದ ಮೇಲೆ ಅವನಿಗೆ ಯಾವ ಬಂದರಿನಲ್ಲೂ ಕೆಲಸ ಸಿಗಲಿಲ್ಲ. ಅಕ್ಕನ ಮನೆಯ ಹೊಸ್ತಿಲನ್ನೂ ಅವನು ಮತ್ತೆ ತುಳಿಯಲಿಲ್ಲ. ತಾನು ವಿರೋಧಿಸಿದ್ದೆ ಎಂದೇ ಅಜ್ಜ ಹೇಳುತ್ತ ಬಂದಿದ್ದ.

ಮಸೂದೆಯ ಹೆಸರು ಹಾಕಿದೆ. ಮಂಡನೆ, ಚರ್ಚೆ, ಬಿದ್ದುಹೋದ ತಿದ್ದುಪಡಿಗಳು, ಕೊನೆಗೆ ಮತ.

“ಧ್ವನಿಮತ ಅಜ್ಜಿ. ಎಲ್ರೂ ಕೂತಲ್ಲೇ ‘ಹೌದು’, ‘ಬೇಡ’ ಅಂತ ಕೂಗೋದು. ಯಾವ ಕಡೆ ಸದ್ದು ಜಾಸ್ತಿಯೋ ಆ ಕಡೆ ಗೆಲುವು. ಹೆಸರು ಬರ್ಕೊಳ್ಳಲ್ಲ.”

“ಅಯ್ಯೋ, ಸಂತೇಲಿ ಹರಾಜು ಕೂಗಿದ ಹಾಗೆ!” ಅಜ್ಜಿ ನಕ್ಕಳು. ಮುಖ ಹಗುರಾಗಿತ್ತು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಓದಿದವನ ಚಟ, ಪೂರ್ತಿ ವಿವರಿಸಿದೆ.

“ಒಪ್ಪಿಗೆ ಇಲ್ಲದವರು ‘ಎಣಿಸಿ’ ಅಂತ ಕೇಳ್ಬಹುದು. ಆಗ ಒಬ್ಬೊಬ್ಬರ ಹೆಸರೂ ಬರೀಲೇಬೇಕು. ಒಬ್ರು ಎದ್ದು ನಿಂತ್ರೂ ಸಾಕು.”

“ಒಬ್ರೇ?”

“ಹೂಂ.”

“ಯಾರೂ ಏಳ್ಲಿಲ್ವಾ?”

ಮುಂದಿನ ಸಾಲನ್ನು ಓದಿದೆ: ಸಭೆ ಊಟಕ್ಕೆ ಎದ್ದಿತು.

“ಊಟಕ್ಕಾದ್ರೆ ಎಲ್ರೂ ಎದ್ರಲ್ಲ,” ಎಂದಳು.

ಬಾಗಿಲಲ್ಲಿ ಅಜ್ಜ ನಿಂತಿದ್ದ. ಅರ್ಧ ಕೆನ್ನೆಗೆ ಕ್ಷೌರದ ನೊರೆ. “ನಾನು ಬೇಡ ಅಂದೆ ಕಣೇ. ಗಂಟಲು ಹರ್ಕೊಂಡೆ.”

“ಅಂದಿರ್ತೀರಿ. ಎದ್ದು ನಿಲ್ಲೋಕೆ ಏನಾಗಿತ್ತು?”

“ಎಣಿಸಿದ್ರೂ ಸೋಲ್ತಿದ್ವಿ.”

“ಸೋಲ್ತಿದ್ರಿ. ನನ್ನ ತಮ್ಮನಿಗೆ ತೋರಿಸೋಕೆ ಒಂದು ಹೆಸರಾದ್ರೂ ಇರ್ತಿತ್ತು.”

ಅಜ್ಜ ಹತ್ತಿರ ಬಂದು, ಬಗ್ಗಿ, ಪರದೆಯ ಮೇಲೆ ಬೆರಳಿಟ್ಟು ಓದತೊಡಗಿದ. ‘ಹೌದು ಎಂದವರೇ ಹೆಚ್ಚೆಂದು ತೋರುತ್ತದೆ.’ ಅದರ ಕೆಳಗೇ, ‘ಮಸೂದೆ ಅಂಗೀಕಾರವಾಯಿತು.’ ಎರಡು ಸಾಲುಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ ಬೆರಳು ಅವುಗಳ ನಡುವೆ ನಿಂತಿತು.

“ಇಲ್ಲಿ ಸ್ವಲ್ಪ ಹೊತ್ತು ಬಿಟ್ಟಿದ್ರು ಕಣೋ,” ಎಂದ, ಅಜ್ಜಿಯ ಕಡೆ ನೋಡದೆ. “ಸಭಾಧ್ಯಕ್ಷರು ಕನ್ನಡಕ ತೆಗೆದು ಒರೆಸ್ಕೊಳ್ಳೋವಷ್ಟು. ಯಾರಾದ್ರೂ ಏಳ್ತಾರೇನೋ ಅಂತ ನಾನೂ ಕಾಯ್ತಾ ಇದ್ದೆ.”