ಎಡಬದಿಯ ನಟ್ಟು

"ನಾನು ಹೇಳಿದ್ದು ಹುಲ್ಲು ಕತ್ತರಿಸ್ಲಿಕ್ಕೆ, ಗದ್ದೆ ಉಳ್ಲಿಕ್ಕೆ ಅಲ್ಲ!"

ಹಂಚಿನ ಕಾರ್ಖಾನೆಯ ಮ್ಯಾನೇಜರು ಗಜಾನನ ರಾಯರು ಇದನ್ನು ಗಟ್ಟಿಯಾಗಿಯೇ ಹೇಳಿದರು. ಬಂಗಲೆಯ ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಮಂಗಳೂರಿನ ಕ್ಲಬ್ಬಿನವರಿಗೆ ಕೇಳಲಿ ಎಂದೇ ಹೇಳಿದ್ದು. ಅವರಿಗೆ ಕೇಳಿಸಿತು ಕೂಡ. ಒಬ್ಬ ನಕ್ಕ ರಭಸಕ್ಕೆ ಚಹಾ ತಟ್ಟೆಗೆ ಚೆಲ್ಲಿತು. ರುಕ್ಮಯ್ಯ ಹುಲ್ಲಿನ ಹಸಿರು ಹತ್ತಿದ ಕೈಗಳನ್ನು ಚಡ್ಡಿಗೆ ಒರೆಸುತ್ತ ಮೆಟ್ಟಿಲ ಕೆಳಗೆ ನಿಂತಿದ್ದ.

"ಎಂಟನೇ ಕ್ಲಾಸಿಂದ ಓಡಿ ಬಂದವನ ಕೈಗೆ ಇಂಗ್ಲೆಂಡಿನ ಮಿಷನ್ ಕೊಟ್ಟದ್ದು ನನ್ನದೇ ತಪ್ಪು," ರಾಯರು ಈಗ ಅತಿಥಿಗಳ ಕಡೆಗೇ ತಿರುಗಿದರು. "ಇವನಿಗೆ ಎತ್ತಿನ ಬಾಲ ಸಾಕಿತ್ತು. ಕೂತು ಹೋಗುವ ಮಿಷನ್ ಅಂದ ಕೂಡ್ಲೇ ಲಾಟ್ ಸಾಹೇಬನ ಹಾಗೆ ಕೂತುಬಿಟ್ಟ. ಕೂತದ್ದು ಕುಂಡೆ ಮಾತ್ರ. ತಲೆ ಯಾವ ಬಸ್ಸು ಹತ್ತಿ ಹೋಗಿತ್ತೋ!"

ಮತ್ತೆ ನಗು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದೇ ರುಕ್ಮಯ್ಯನಿಗೆ ಹೆಚ್ಚು ಉರಿ ಹಚ್ಚಿದ್ದು. ಟೆನಿಸ್ ಆಡುವ ಹುಲ್ಲಿನಂಗಳ ನಿಜಕ್ಕೂ ಉತ್ತಿಟ್ಟ ಗದ್ದೆಯ ಹಾಗೆ ಬಿದ್ದುಕೊಂಡಿತ್ತು. ಒಂದು ಸಾಲು ಬೋಳು, ಅದರ ಪಕ್ಕದಲ್ಲಿ ಏರು, ಮತ್ತೆ ಬೋಳು. ಸಂಜೆಯ ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಏರಿಗೂ ಒಂದೊಂದು ನೆರಳು ಕೊಟ್ಟು ಮಾನ ಕಳೆಯುತ್ತಿತ್ತು. ಬೆಳಿಗ್ಗೆ ಮೂರನೆಯ ಸಾಲಿಗೇ ಅವನಿಗೆ ಸಂಶಯ ಬಂದಿತ್ತು. ಆದರೆ ಜಗಲಿಯಲ್ಲಿ ರಾಯರು ನಿಂತು ನೋಡುತ್ತಿದ್ದರು. ಅವರೆದುರು ಮಿಷನ್ ನಿಲ್ಲಿಸಿ ಇಳಿದು ಬಗ್ಗಿ ನೋಡುವುದೆಂದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹಲ್ಲು ಕಚ್ಚಿ ಅರ್ಧ ಅಂಗಳ ಓಡಿಸಿಬಿಟ್ಟಿದ್ದ.

"ಭಾನುವಾರ ಪಂದ್ಯ," ರಾಯರು ಅವನ ಕಡೆಗೆ ನೋಡದೆ ಹೇಳಿದರು. "ನಾಳೆ ಸಂಜೆಯೊಳಗೆ ಇದು ಸರಿ ಆಗ್ಬೇಕು. ಇಲ್ಲದಿದ್ರೆ ಇಂಜಿನ್ ಮನೆಯ ಆಸೆ ಬಿಡು. ಗೇಟಿನ ದಾರಿ ಗೊತ್ತುಂಟಲ್ಲ?"

ಓಡಿ ಬಂದದ್ದಂತೆ! ಅಪ್ಪ ಸತ್ತ ವರ್ಷ ವಾಮದಪದವಿನ ಶಾಲೆಯಿಂದ ಅವನನ್ನು ಮಾವ ಕೈಹಿಡಿದು ಎಳೆದುಕೊಂಡು ಹೋಗಿ ಬಂಟ್ವಾಳದ ಬಸ್ ಗ್ಯಾರೇಜಿನಲ್ಲಿ ಬಿಟ್ಟದ್ದು. ಅಲ್ಲಿ ಗ್ರೀಸು ಮೆತ್ತಿಕೊಂಡೇ ಮೀಸೆ ಬಂತು. ಆಮೇಲೆ ಫರಂಗಿಪೇಟೆಯ ಬಳಿ ಹೊಳೆಬದಿಯ ಈ ಹಂಚಿನ ಕಾರ್ಖಾನೆಗೆ ಬಂದ. ಬಂದವನಿಗೆ ಕಣ್ಣಿದ್ದದ್ದು ಇಂಜಿನ್ ಮನೆಯ ಮೇಲೆ, ಸಿಕ್ಕಿದ್ದು ಬಂಗಲೆಯ ಹಿತ್ತಲು. ಇಂಜಿನ್ ಮನೆಯ ಫಿಟ್ಟರು ಚಿನ್ನಯ್ಯ ಕಣ್ಣು ಮಂಜಾಗಿ ಕೆಲಸ ಬಿಡುವವನಿದ್ದ. ಆ ಜಾಗ ನಿನಗೇ, ಈ ಪಂದ್ಯವೊಂದು ಚಂದದಲ್ಲಿ ಮುಗಿಯಲಿ ಎಂದು ರಾಯರು ಬಾಯಿಬಿಟ್ಟು ಹೇಳಿದ್ದರು. ಆ ದೊಡ್ಡ ಚಕ್ರದ ಎದುರು, ಬೆಲ್ಟಿನ ಸದ್ದಿನ ನಡುವೆ, ಯಾರೂ 'ಏ' ಎಂದು ಕರೆಯದ ಒಂದು ಜಾಗ. ಅದು ಈಗ ಈ ಹುಲ್ಲಿನ ಏರುತಗ್ಗಿನಲ್ಲಿ ಸಿಕ್ಕಿಕೊಂಡಿತ್ತು.

ಮರುದಿನ ಬೆಳಿಗ್ಗೆ ಮಿಷನನ್ನು ಶೆಡ್ಡಿನ ಎದುರು ಎಳೆದು ತಂದು ಬಿಚ್ಚಲು ಕೂತ. ಹಿಂದೆ ಇದ್ದ ಬಿಳಿಯ ಮ್ಯಾನೇಜರು ಊರಿಗೆ ಹೋಗುವಾಗ ಬಿಟ್ಟುಹೋದ ಮಿಷನ್ ಅದು. ಮುಂದೆ ಸುತ್ತುವ ಬ್ಲೇಡುಗಳ ಉರುಳೆ, ಅದರ ಬೆನ್ನಿಗೆ ಇಂಜಿನ್, ಹಿಂದೆ ಕೂರಲು ತೂತು ತೂತಿನ ಕಬ್ಬಿಣದ ಸೀಟು. ಮೊದಲು ಬ್ಲೇಡು ಮೊಂಡಾಗಿದೆಯೋ ಎಂದು ಹಳೆಯ ಪೇಪರಿನ ಪಟ್ಟಿ ಹಿಡಿದು ಉರುಳೆಯನ್ನು ಕೈಯಲ್ಲೇ ತಿರುಗಿಸಿದ. ಎಡದಲ್ಲಿ ಹಿಡಿದರೂ ಕತ್ತರಿಸಿತು, ನಡುವೆ ಹಿಡಿದರೂ, ಬಲದಲ್ಲಿ ಹಿಡಿದರೂ. ಬೇರಿಂಗ್ ಅಲುಗಾಡಿಸಿ ನೋಡಿದ. ಗಟ್ಟಿ ಇತ್ತು. ಸೀಟಿನ ಸ್ಪ್ರಿಂಗ್ ಒಂದು ಬದಿಗೆ ಕೂತುಹೋಗಿ ತನ್ನ ಭಾರವೇ ಓರೆ ಬೀಳುತ್ತಿದೆಯೋ ಎಂದು ಅದನ್ನೂ ಬಿಚ್ಚಿದ. ಅದೂ ಸರಿ ಇತ್ತು. ಎಲ್ಲ ಸರಿ ಇದ್ದಷ್ಟೂ ಅವನ ಸಿಟ್ಟು ಏರುತ್ತಿತ್ತು.

"ಎಂತ ರುಕ್ಮ, ನಿನ್ನ ಕುದುರೆ ಕುಂಟ್ತದಂತೆ?"

ಹಂಚಿನ ಲಾರಿಯ ಡ್ರೈವರ್ ಅಬ್ದುಲ್ಲ. ಬೀಡಿ ಹಚ್ಚಿಕೊಂಡು ಶೆಡ್ಡಿನ ಕಂಬಕ್ಕೆ ಒರಗಿದ.

"ನೀನೂ ಶುರು ಮಾಡ್ಬೇಡ ಮಾರಾಯ."

"ಶುರು ಮಾಡ್ಲಿಕ್ಕೆ ಎಂತ ಉಂಟು, ಪೇಟೆಯಿಡೀ ಮುಗಿದು ಹೋಗಿದೆ. ನಿಮ್ಗೆ ನಿನ್ನೆಯಿಂದ ಕೆಡ್ಡಸ ಅಲ್ವಾ? ಭೂಮಿತಾಯಿ ಮುಟ್ಟಾಗಿ ಕೂತಿರುವಾಗ ನೀನು ಅವಳ ತಲೆ ಬೋಳಿಸ್ಲಿಕ್ಕೆ ಹೋದದ್ದು. ಶಾಪ ತಾಗಿತು, ಮತ್ತೆಂತ!"

"ಭೂಮಿಗೆ ಶಾಪ ಹಾಕ್ಲಿಕ್ಕೆ ಬರ್ತಿದ್ರೆ ಈ ಕಾರ್ಖಾನೆ ಇಷ್ಟು ವರ್ಷ ನಿಲ್ತಿತ್ತಾ? ವರ್ಷವಿಡೀ ಗಾಡಿಗಟ್ಲೆ ಅಗೆದು ತಂದು ಸುಡ್ತಾರೆ. ಬಾಯಿ ಮುಚ್ಚಿ ಈ ರೀಪು ಒಂದು ಕಡೆ ಹಿಡಿ."

ಮರದ ನೇರ ರೀಪನ್ನು ಮಿಷನಿನ ಅಡಿಗೆ ತೂರಿಸಿ ಇಬ್ಬರೂ ಎರಡು ತುದಿ ಹಿಡಿದರು. ರುಕ್ಮಯ್ಯ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದ. ಬಲಬದಿಯಲ್ಲಿ ಬ್ಲೇಡು ರೀಪನ್ನು ಮುಟ್ಟುವಷ್ಟು ಹತ್ತಿರ. ಎಡಬದಿಯಲ್ಲಿ ಹೆಬ್ಬೆರಳು ಹೋಗುವಷ್ಟು ಸಂದು.

ಬ್ಲೇಡಿನ ಮುಂದೆ ಸಣ್ಣ ರೋಲರ್ ಒಂದು ಉಂಟು. ಅದು ಎರಡು ಬದಿಯ ಎರಡು ನಟ್ಟುಗಳ ಮೇಲೆ ನಿಂತದ್ದು. ರೋಲರ್ ತಗ್ಗಿಸಿದರೆ ಬ್ಲೇಡು ನೆಲದಿಂದ ಮೇಲೇಳುತ್ತದೆ. ಈಗ ಎಡಬದಿ ಮಾತ್ರ ತಗ್ಗಿತ್ತು. ಗುರುವಾರ ಸಂಜೆ ಎರಡೂ ಬದಿ ಅಳೆದು ಬಿಗಿದವನು ಅವನೇ. ಸಡಿಲಾಗಿ ಜಾರಿದ್ದೋ ಎಂದು ಸ್ಪ್ಯಾನರ್ ಹಾಕಿದ. ಜಾರಿದ್ದಲ್ಲ. ಇಳಿಸಿ, ಮತ್ತೆ ಬಿಗಿದಿಟ್ಟದ್ದು. ಎರಡೂ ಬದಿಯ ನಟ್ಟಿನ ಮೇಲೆ ಬೆರಳಾಡಿಸಿದ. ಜಿಡ್ಡು ಹತ್ತಿತು. ಮೂಗಿಗೆ ಹಿಡಿದ. ತೆಂಗಿನೆಣ್ಣೆ. ಬೆರಳ ತುದಿಯಲ್ಲಿ ಒಂದು ಗೆರೆ ಅರಶಿನ.

"ಎಂತ?" ಅಬ್ದುಲ್ಲ ಕೇಳಿದ.

"ಎಂತ ಇಲ್ಲ. ನೀನು ಹೋಗು, ಲೋಡು ಆಗಿರ್ಬಹುದು."

ಬಂಗಲೆಯ ಹಿಂದೆ ಬಾವಿಕಟ್ಟೆಯ ಆಚೆ ಒಂದು ಕೋಣೆ. ಅದರಲ್ಲಿ ಅಂಗಳ ಗುಡಿಸುವ ಸೇಸಮ್ಮ ಇದ್ದಳು. ಗಂಡ ಇದೇ ಕಾರ್ಖಾನೆಯ ಭಟ್ಟಿಯ ಎದುರು ಬೆಂದು ಕೆಮ್ಮಿ ಹೋದ ಮೇಲೆ ಆ ಕೋಣೆಯೇ ಅವಳ ಊರು, ಮನೆ ಎಲ್ಲ. ಅವನು ಹೋದಾಗ ಅವಳು ಬಾಗಿಲಲ್ಲಿ ಕೂತು ನನ್ನೆರಿ ಮಾಡುತ್ತಿದ್ದಳು. ಹುರಿದ ಅಕ್ಕಿ, ಹುರುಳಿಯ ಪುಡಿಗೆ ಬೆಲ್ಲ, ಕಾಯಿತುರಿ ಸೇರಿಸಿ ಕಲಸುವ ಕೈಯ ಉಗುರಿನ ಸಂದಿಯಲ್ಲೆಲ್ಲ ಅರಶಿನ.

"ಸೇಸಕ್ಕ, ನಟ್ಟಿಗೆ ಕೈ ಹಾಕಿದ್ದು ನೀವಾ?"

"ಹೌದು," ಎಂದಳು. ಊಟ ಆಯಿತಾ ಎಂದು ಕೇಳಿದವರಿಗೆ ಹೇಳುವ ಹಾಗೆ.

ಇಲ್ಲ ಎನ್ನುತ್ತಾಳೆ, ಆಣೆ ಹಾಕುತ್ತಾಳೆ, ಆಮೇಲೆ ತಾನು ಬೆರಳು ತೋರಿಸಿ ಹಿಡಿದುಹಾಕುವುದು ಎಂದು ರುಕ್ಮಯ್ಯ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ.

"ಹೌದು ಅಂತ ಹೇಳ್ತೀರಲ್ಲ! ನಾಚಿಕೆ ಆಗುದಿಲ್ವಾ?"

"ನನಗೆಂತಕ್ಕೆ ನಾಚಿಕೆ? ನಿನಗೆ ಗುರುವಾರವೇ ಹೇಳಿದೆ. ನಾಳೆಯಿಂದ ಅವಳು ಹೊರಗೆ ಕೂತ್ಕೊಳ್ತಾಳೆ, ಮೂರು ದಿನ ಬಿಡು ಮಗ, ಹಸಿ ಎಲೆ ಕೂಡ ಚಿವುಟ್ಲಿಕ್ಕಿಲ್ಲ ಅಂತ. ನೀನು ನಕ್ಕೆ. ಇಂಜಿನಿಗೆ ಕೆಡ್ಡಸ ಇಲ್ಲ ಅಂದೆ. ಇಂಜಿನಿಗೆ ಇಲ್ಲದಿದ್ರೆ ಬೇಡ. ಅವಳಿಗೆ ಉಂಟಲ್ಲ?"

"ರಾಯರಿಗೆ ಹೇಳ್ಬೇಕಿತ್ತು."

"ಹೇಳಿದೆ. ಗುಡಿಸ್ಲಿಕ್ಕೆ ಬಂದವಳು ಗುಡಿಸು ಅಂದ್ರು."

"ಅದಕ್ಕೆ ಮಿಷನ್ ಹಾಳು ಮಾಡಿದ್ದಾ?"

"ಹಾಳು ಎಲ್ಲಿ ಮಾಡಿದೆ?" ಈಗ ಸೇಸಮ್ಮನಿಗೇ ಸಿಟ್ಟು ಬಂತು. "ನೀನು ತಿರುಗಿಸುದನ್ನು ದಿನಾ ನೋಡ್ತೇನೆ, ನನಗೇನು ಕಣ್ಣಿಲ್ವಾ? ಎರಡೂ ಬದಿ ಇಳಿಸುವ ಅಂತಲೇ ಹೋದದ್ದು. ಬಲದ್ದು ಜಪ್ಪಯ್ಯ ಅಂದ್ರೂ ಅಲುಗಾಡ್ಲಿಲ್ಲ. ಮೂರನೇ ದಿನ ಭೂಮಿಗೆ ಎರೀಲಿಕ್ಕೆ ಅಂತ ಅರಶಿನ ಹಾಕಿ ತೆಗೆದಿಟ್ಟ ಎಣ್ಣೆ, ಅದರಿಂದಲೂ ನಾಲ್ಕು ಹನಿ ಬಿಟ್ಟೆ. ಊಹುಂ. ಅದನ್ನು ಯಾವ ರಾಕ್ಷಸನ ಹಾಗೆ ಬಿಗಿದಿದ್ದೀ ನೀನು? ಅದೊಂದು ತಿರುಗಿದ್ರೆ ನಿನ್ನ ಮಿಷನ್ ಗಾಳಿ ಕತ್ತರಿಸಿಕೊಂಡು ಹೋಗ್ತಿತ್ತು. ಯಾರಿಗೂ ತೊಂದ್ರೆ ಇರ್ಲಿಲ್ಲ."

ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಎರಡನ್ನೂ ನುಂಗಿ ಕಿರುಚಿದ. "ನನ್ನ ಇಂಜಿನ್ ಮನೆ ಹೋಯ್ತು ಸೇಸಕ್ಕ! ಹತ್ತು ಜನರ ಎದುರು ನನ್ನ ಕುಂಡೆ ತಲೆ ಎಲ್ಲ ಅಳೆದ ಆ ಮನುಷ್ಯ!"

ಅವಳ ಕೈ ನಿಂತಿತು.

"ಹಾಗಾದ್ರೆ ನನ್ನ ಹೆಸರು ಹೇಳು," ಎಂದಳು. "ಹೇಳದೆ ಇರು ಅಂತ ನಾನೇನು ಕಾಲು ಹಿಡಿಯುದಿಲ್ಲ. ಮಾಡಿದ್ದೇನೆ. ಮುಂದಿನ ವರ್ಷವೂ ಮಾಡ್ತೇನೆ, ಆಗ ಬಲದ್ದೂ ಬಿಡುದಿಲ್ಲ." ಬಾಳೆಲೆಯ ತುಂಡಿನಲ್ಲಿ ಒಂದು ಮುಷ್ಟಿ ನನ್ನೆರಿ ಹಾಕಿ ಅವನ ಕಡೆಗೆ ಚಾಚಿದಳು. "ತಿಂದು ಹೋಗಿ ಹೇಳು. ಬೆಳಿಗ್ಗೆಯಿಂದ ಏನೂ ತಿಂದ ಮುಖ ಅಲ್ಲ ನಿನ್ನದು."

ಅವನು ನಿಂತಲ್ಲೇ ತಿಂದ. ತಿನ್ನುತ್ತಿದ್ದಷ್ಟು ಹೊತ್ತೂ ಅವಳನ್ನು ಬೈಯಬೇಕೆಂದೇ ಇತ್ತು. ಬಾಯಿ ತುಂಬ ಬೆಲ್ಲವಿದ್ದ ಕಾರಣ ಆಗಲಿಲ್ಲ. ಕಳೆದ ವರ್ಷ ಅಡುಗೆಮನೆಯ ಕಾಂತಿ ಒಂದು ಪಿಂಗಾಣಿ ತಟ್ಟೆ ಒಡೆದದ್ದಕ್ಕೆ ರಾಯರು ಅವಳನ್ನು ಪೆಟ್ಟಿಗೆ ಸಮೇತ ಅದೇ ಸಂಜೆ ಗೇಟಿನ ಹೊರಗೆ ನಿಲ್ಲಿಸಿದ್ದರು. ಕಾಂತಿಗೆ ಹೋಗಲು ನೆರಿಯದಲ್ಲಿ ಅಣ್ಣನ ಮನೆಯಾದರೂ ಇತ್ತು.

ಸಂಜೆ ಜಗಲಿಯಲ್ಲಿ ಅವೇ ಕುರ್ಚಿಗಳು, ಅವೇ ಜನ. ರುಕ್ಮಯ್ಯ ಮಿಷನನ್ನು ಅಂಗಳಕ್ಕೆ ತಂದ. ರಾಯರು ಕೈಕಟ್ಟಿ ಮೆಟ್ಟಿಲಿಳಿದು ಬಂದರು.

"ಒಂದು ಸಾಲು ಹೋಗಿ ತೋರ್ಸು ನೋಡುವ."

ಸೀಟಿನ ಮೇಲೆ ಕೂತು ಇನ್ನೂ ಮುಟ್ಟದಿದ್ದ ಅರ್ಧದಲ್ಲಿ ಒಂದು ಸಾಲು ಹೋದ. ಆಚೆ ಬೇಲಿಯ ಬಳಿ ಸೇಸಮ್ಮ ಹಿಡಿಸೂಡಿ ಹಿಡಿದು ಈ ಕಡೆಗೆ ಬೆನ್ನು ಹಾಕಿ ನಿಂತಿದ್ದಳು. ಕತ್ತರಿಸುವುದನ್ನು ಕಣ್ಣಿನಿಂದ ನೋಡಲಾರೆ ಎಂಬಂತೆ. ಅವನು ಆ ಬೆನ್ನಿನವರೆಗೂ ಹೋಗಿ ತಿರುಗಿಸಿಕೊಂಡು ಬಂದ. ಹಿಂದೆ ಬಿದ್ದ ಸಾಲು ಹಾಸಿದ ಚಾಪೆಯ ಹಾಗೆ ಇತ್ತು. ಎಲ್ಲೂ ಏರಿಲ್ಲ, ತಗ್ಗಿಲ್ಲ.

ಕುರ್ಚಿಯಲ್ಲಿ ಕೂತಿದ್ದ ಒಬ್ಬ ಚಪ್ಪಾಳೆ ತಟ್ಟಿದ. ರಾಯರು ಬಗ್ಗಿ ಅಂಗೈಯಿಂದ ಹುಲ್ಲು ಸವರಿ, "ಅಂತೂ ನಿನ್ನ ತಲೆ ಹತ್ತಿದ ಬಸ್ಸು ವಾಪಸು ಬಂತು!" ಎಂದರು.

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಆ ನಗು ಮತ್ತೆ ಜಗಲಿಯಿಂದ ಉರುಳಿಕೊಂಡು ಬಂದದ್ದೇ ರುಕ್ಮಯ್ಯನ ನಾಲಗೆ ಅವನ ಹಿಡಿತ ಬಿಟ್ಟಿತು.

"ತಲೆ ಎಲ್ಲಿಗೂ ಹೋಗಿರ್ಲಿಲ್ಲ. ತಪ್ಪು ಮಿಷನಿನದ್ದಲ್ಲ, ನನ್ನದೂ ಅಲ್ಲ. ಎಡದ ರೋಲರ್ ಯಾರೋ ಇಳಿಸಿದ್ದು."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ರಾಯರ ಮುಖದ ನಗು ನಿಧಾನಕ್ಕೆ ಆರಿತು.

"ಯಾರೋ ಅಂದ್ರೆ?"

ಇಂಜಿನ್ ಡಗ ಡಗ ಎನ್ನುತ್ತಿತ್ತು.

"ಯಾರೋ ಅಂದ್ರೆ ಯಾರು? ನನ್ನ ಕಾಂಪೌಂಡಿನ ಒಳಗೆ ನನ್ನ ಮಿಷನಿಗೆ ಕೈ ಹಾಕಿದವರು ಯಾರು?" ರಾಯರು ಹತ್ತಿರ ಬಂದರು. ದನಿ ತಗ್ಗಿತು, ತಗ್ಗಿದಷ್ಟೂ ಮೆದುವಾಯಿತು. "ಹೇಳು ರುಕ್ಮಯ್ಯ. ನಿನಗೆ ಗೊತ್ತುಂಟು, ಮುಖದಲ್ಲೇ ಕಾಣ್ತದೆ. ಹೆಸರು ಹೇಳು, ಸೋಮವಾರವೇ ಚಿನ್ನಯ್ಯನ ಜಾಗ ನಿನಗೆ. ಇವರ ಎದುರೇ ಮಾತು ಕೊಡ್ತೇನೆ."

ಅವನನ್ನು ಅವರು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಇಲ್ವಾ, ಯಾರೂ ಇಳಿಸ್ಲಿಲ್ಲ, ನಾನೇ ದಡ್ಡ, ನನಗೇ ಗೊತ್ತಾಗ್ಲಿಲ್ಲ ಅಂತ ಇವರಿಗೆ ಕೇಳುವ ಹಾಗೆ ಹೇಳು. ಅಷ್ಟು ಹೇಳಿದ್ರೂ ಬಿಡ್ತೇನೆ, ಹಿತ್ತಲಿನ ಕೆಲಸ ಉಳೀತದೆ. ಎರಡರಲ್ಲಿ ಒಂದು. ನಿನ್ನ ಬಾಯಿ, ನಿನ್ನ ಇಷ್ಟ."

ರುಕ್ಮಯ್ಯ ಜಗಲಿಯನ್ನು ನೋಡಿದ. ಕುರ್ಚಿಯವರು ಚಹಾದ ಕಪ್ಪುಗಳನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದರು. ಆಟ ನೋಡಲು ಬಂದವರ ಹಾಗೆ. ನಾನೇ ದಡ್ಡ. ಎರಡು ಶಬ್ದ. ಅದನ್ನು ನಾಲಗೆಯ ಮೇಲಿಟ್ಟು ನೋಡಿದ, ಆಗಲಿಲ್ಲ. ಇನ್ನೊಂದು, ಅವಳ ಹೆಸರು, ಒಂದೇ ಶಬ್ದ. ಅದೂ ಗಂಟಲವರೆಗೆ ಬಂತು. ಬೇಲಿಯ ಬಳಿಯ ಬೆನ್ನು ಇನ್ನೂ ತಿರುಗಿರಲಿಲ್ಲ. ಇಂಜಿನಿನ ಸದ್ದಿಗೆ ಅವಳಿಗೆ ಇದೊಂದೂ ಕೇಳಿಸುವಂತಿರಲಿಲ್ಲ.

ಅವನು ಸೀಟಿನಿಂದ ಇಳಿದ. ಕಿಸೆಯಿಂದ ಸ್ಪ್ಯಾನರ್ ತೆಗೆದು ಸೀಟಿನ ಮೇಲಿಟ್ಟ.

"ಏ! ಕೇಳಿದ್ದಕ್ಕೆ ಉತ್ತರ ಹೇಳು!"

ರುಕ್ಮಯ್ಯ ಅಂಗಳಕ್ಕೆ ಅಡ್ಡವಾಗಿ ನಡೆದ. ಮೊದಲು ಕಾಲಿಗೆ ಸಮನಾದ ಸಾಲು ಸಿಕ್ಕಿತು, ಆಮೇಲೆ ನಿನ್ನೆಯ ಏರುತಗ್ಗುಗಳು. ಹಿಂದಿನಿಂದ ರಾಯರ ದನಿ ಇನ್ನೆರಡು ಸಲ ಬಂತು, ಮತ್ತೆ ಇಂಜಿನಿನ ಸದ್ದು ಮಾತ್ರ. ಗೇಟಿನ ಹೊರಗೆ ಕಾರ್ಖಾನೆಗೆ ಮಣ್ಣು ತರುವ ಎತ್ತಿನ ಗಾಡಿಗಳು ಮೂಕಿಯನ್ನು ನೆಲಕ್ಕೂರಿ ಸಾಲಾಗಿ ಖಾಲಿ ನಿಂತಿದ್ದವು. ಕೆಡ್ಡಸವೆಂದು ಮಣ್ಣು ಅಗೆಯುವವರು ನಿನ್ನೆಯಿಂದ ಬಂದಿರಲಿಲ್ಲ. ಎತ್ತುಗಳು ಗಾಡಿಯ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಅವುಗಳ ನಡುವಿನಿಂದ ದಾರಿ ಮಾಡಿಕೊಂಡು ಅವನು ಪೇಟೆಯ ಕಡೆಗೆ ನಡೆದ.